ಕೂಸು ಹುಟ್ಟುವ ಮುನ್ನ ಕುಲಾವಿ: ಗ್ರಾಫಿಕ್ಸ್ ಕಾರ್ಡುಗಳ ಸ್ಪರ್ಧೆಯೂ ವದಂತಿಯೂ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಇಂದಿನ ಯಂತ್ರಪ್ರಪಂಚದಲ್ಲಿ ಈ ಗಾದೆ ಯಾವುದಕ್ಕೆ ಚೆನ್ನಾಗಿ ಒಪ್ಪುವುದೆಂದು ಕೇಳಿದರೆ, ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಎಂದು ನಿಸ್ಸಂಶಯವಾಗಿ ಹೇಳಬಹುದು. ಹೊಸ ಕಾರ್ಡೊಂದು ಅಂಗಡಿಗೆ ಬರುವುದಕ್ಕೆ ಒಂದು ವರ್ಷ ಮೊದಲೇ ಅದರ ವೇಗವೆಷ್ಟು, ಸ್ಮೃತಿಯೆಷ್ಟು, ಬೆಲೆಯೆಷ್ಟು, ಅದು ಎಷ್ಟು ವಿದ್ಯುತ್ತನ್ನು ನುಂಗುವುದು ಎಂಬ ಚರ್ಚೆ ದೇಶದೇಶಗಳಲ್ಲಿ ಪ್ರಾರಂಭವಾಗುತ್ತದೆ. ಕಾರ್ಡನ್ನು ಕಂಡವರಿಲ್ಲ, ಮುಟ್ಟಿದವರಿಲ್ಲ. ಆದರೂ ಅದು ಗೆದ್ದಿತೆನ್ನುವ ಪಕ್ಷವೊಂದು, ಸೋತಿತೆನ್ನುವ ಪಕ್ಷವೊಂದು ಆಗಲೇ ಸಿದ್ಧವಾಗಿರುತ್ತವೆ.

ಇದು ಕೇವಲ ಹರಟೆಯ ವಿಷಯವಾಗಿದ್ದರೆ ನಾವು ಇದನ್ನು ಇಲ್ಲಿ ಎತ್ತಿಕೊಳ್ಳುತ್ತಿರಲಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಯೊಬ್ಬನು ಎರಡು ವರ್ಷ ಕೂಡಿಟ್ಟ ಹಣದಿಂದ ಒಂದು ಕಾರ್ಡನ್ನು ಕೊಳ್ಳಬೇಕೆಂದಿದ್ದಾನೆಂದು ಭಾವಿಸೋಣ. ಅವನಿಗೆ ಅದು ಆಟಕ್ಕೆ ಮಾತ್ರವಲ್ಲ, ವಿನ್ಯಾಸದ ಚಿತ್ರ ತೆಗೆಯುವುದಕ್ಕೂ ಕೃತಕ ಬುದ್ಧಿಮತ್ತೆಯ ಅಭ್ಯಾಸಕ್ಕೂ ಬೇಕು. ಇಂದೇ ಕೊಳ್ಳಬೇಕೇ, ಇನ್ನಾರು ತಿಂಗಳು ಕಾಯಬೇಕೇ? ವದಂತಿಯನ್ನು ನಂಬಿ ಕಾದರೆ ಆ ಕಾಲವೆಲ್ಲ ವ್ಯರ್ಥವಾಗಬಹುದು. ನಂಬದೆ ಕೊಂಡರೆ ಮರುತಿಂಗಳೇ ಬೆಲೆ ಇಳಿದು ಪಶ್ಚಾತ್ತಾಪ ಪಡಬೇಕಾಗಬಹುದು. ಅಪೂರ್ಣವಾದ ಸಾಕ್ಷ್ಯದಿಂದ ಸರಿಯಾದ ನಿರ್ಣಯಕ್ಕೆ ಬರುವುದು ಹೇಗೆಂಬ ಪ್ರಶ್ನೆ ಇದು. ವಿಜ್ಞಾನದ ಮೂಲಪ್ರಶ್ನೆಗಳಲ್ಲಿ ಒಂದು. ಆದುದರಿಂದ ಈ ವದಂತಿಗಳು ಎಲ್ಲಿ ಹುಟ್ಟುತ್ತವೆ, ಏಕೆ ಕೆಲವು ನಿಜವಾಗುತ್ತವೆ, ಏಕೆ ಕೆಲವು ಹುಸಿಯಾಗುತ್ತವೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಕಾರ್ಡಿನ ಕೆಲಸವೇನು?

ಕಂಪ್ಯೂಟರಿನ ಪರದೆಯ ಮೇಲಿನ ಚಿತ್ರವು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದಾದುದು. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಸಾಮಾನ್ಯವಾದ ಪರದೆಯೊಂದರಲ್ಲಿ ಅಡ್ಡಲಾಗಿ 1920, ಉದ್ದಲಾಗಿ 1080, ಒಟ್ಟು 20,73,600 ಪಿಕ್ಸೆಲುಗಳಿರುತ್ತವೆ. ಇನ್ನೂ ಸ್ಪಷ್ಟವಾದ 4ಕೆ ಪರದೆಯಲ್ಲಿ ಅದರ ನಾಲ್ಕರಷ್ಟು, ಎಂದರೆ 82,94,400. ಚಲಿಸುವ ದೃಶ್ಯವು ಕಣ್ಣಿಗೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಬಾರಿಯಾದರೂ ಚಿತ್ರವನ್ನು ಹೊಸದಾಗಿ ಬರೆಯಬೇಕು. ಗುಣಿಸಿ ನೋಡಿದರೆ ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕಾಗುತ್ತದೆ. ಪ್ರತಿಯೊಂದು ಚುಕ್ಕೆಗೂ ಬೆಳಕು ಎಲ್ಲಿಂದ ಬಿದ್ದಿತು, ನೆರಳು ಎಲ್ಲಿದೆ, ಮುಂದಿರುವ ವಸ್ತು ಯಾವುದು, ಹಿಂದಿರುವುದು ಯಾವುದು ಎಂಬ ಅನೇಕ ಲೆಕ್ಕಗಳನ್ನು ಮಾಡಬೇಕು.

ಇಲ್ಲಿ ಒಂದು ಅನುಕೂಲವುಂಟು. ಒಂದು ಚುಕ್ಕೆಯ ಲೆಕ್ಕ ಮುಗಿಯುವವರೆಗೆ ಇನ್ನೊಂದರ ಲೆಕ್ಕ ಬಹುಮಟ್ಟಿಗೆ ಕಾಯಬೇಕಾಗಿಲ್ಲ. ಗದ್ದೆಯ ನಾಟಿಯನ್ನು ನೆನೆಸಿಕೊಳ್ಳಿ. ಎಷ್ಟೇ ಚುರುಕಾದವನಾದರೂ ಒಬ್ಬನೇ ನಿಂತು ಎಕರೆಗಟ್ಟಲೆ ನಾಟಿ ಮಾಡಲಾರನು. ನೂರು ಜನ ಸಾಲಾಗಿ ನಿಂತರೆ ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿಯುತ್ತದೆ. ಕಂಪ್ಯೂಟರಿನ ಮುಖ್ಯ ಸಂಸ್ಕಾರಕವು ಆ ಚುರುಕಾದ ಒಬ್ಬನಂತೆ. ಗ್ರಾಫಿಕ್ಸ್ ಚಿಪ್ಪು ಸಾಲಾಗಿ ನಿಂತ ಸಾವಿರಾರು ಕೆಲಸಗಾರರಂತೆ. ಆ ಚಿಪ್ಪು, ಅದರ ಪಕ್ಕದ ಸ್ಮೃತಿ, ವಿದ್ಯುತ್ತನ್ನು ಹದಗೊಳಿಸುವ ಭಾಗಗಳು, ಶಾಖವನ್ನು ಹೊರದೂಡುವ ಫ್ಯಾನುಗಳು, ಇವೆಲ್ಲ ಸೇರಿದ ಹಲಗೆಯೇ ಗ್ರಾಫಿಕ್ಸ್ ಕಾರ್ಡು.

ಇಂಥ ಚಿಪ್ಪುಗಳನ್ನು ರಚಿಸುವ ಸಂಸ್ಥೆಗಳು ಒಂದು ಕಾಲದಲ್ಲಿ ಹತ್ತಾರು ಇದ್ದವು. ಈಗ ಮೇಜಿನ ಕಂಪ್ಯೂಟರುಗಳ ಕ್ಷೇತ್ರದಲ್ಲಿ ಪ್ರಮುಖವಾಗಿ ಉಳಿದಿರುವವು ಅಮೆರಿಕದ ಎನ್‌ವಿಡಿಯಾ ಮತ್ತು ಎಎಂಡಿ. 2022ರಲ್ಲಿ ಇಂಟೆಲ್ ಸಂಸ್ಥೆಯೂ ಆರ್ಕ್ ಎಂಬ ಹೆಸರಿನ ಕಾರ್ಡುಗಳೊಡನೆ ಈ ಕಣಕ್ಕೆ ಇಳಿಯಿತು. ಸ್ಪರ್ಧಿಗಳು ಕಡಮೆಯಾದಷ್ಟೂ ಪ್ರತಿಯೊಬ್ಬರ ಹೆಜ್ಜೆಯ ಮೇಲೆ ಎಲ್ಲರ ಕಣ್ಣೂ ನೆಟ್ಟಿರುವುದು ಸಹಜವೇ ಆಗಿದೆ.

ಗುಟ್ಟು ಏಕೆ? ಅದು ಹೊರಬೀಳುವುದು ಹೇಗೆ?

ಸಂಸ್ಥೆಗಳು ಮುಂದಿನ ಕಾರ್ಡಿನ ವಿವರಗಳನ್ನು ಗುಟ್ಟಾಗಿಡುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಎದುರಾಳಿಗೆ ತಿಳಿಯಬಾರದೆಂಬುದು. ಎರಡನೆಯದು ಇನ್ನೂ ಸೂಕ್ಷ್ಮವಾದುದು: ನಾಳೆ ಬರುವ ವಸ್ತು ಉತ್ತಮವೆಂದು ಇಂದೇ ಸಾರಿದರೆ ಇಂದಿನ ವಸ್ತುವನ್ನು ಕೊಳ್ಳುವವರಿರುವುದಿಲ್ಲ. ಅಮೆರಿಕದ ಆಸ್ಬೋರ್ನ್ ಕಂಪ್ಯೂಟರ್ ಕಂಪೆನಿಯು 1983ರಲ್ಲಿ ತನ್ನ ಮುಂದಿನ ಯಂತ್ರಗಳ ಸುದ್ದಿಯನ್ನು ಬಹು ಬೇಗನೆ ಬಿಟ್ಟುಕೊಟ್ಟು, ಕೈಯಲ್ಲಿದ್ದ ಯಂತ್ರಗಳ ಮಾರಾಟ ಕುಸಿದು, ಅದೇ ವರ್ಷ ದಿವಾಳಿಯಾಯಿತೆಂದು ಹೇಳುವುದುಂಟು. ಆ ಪತನಕ್ಕೆ ಬೇರೆ ಕಾರಣಗಳೂ ಇದ್ದವಾದರೂ ಇಂದಿಗೂ ಇಂಥ ಪರಿಣಾಮವನ್ನು ಆಸ್ಬೋರ್ನ್ ಪರಿಣಾಮವೆಂದೇ ಕರೆಯುತ್ತಾರೆ.

ಆದರೆ ಗುಟ್ಟು ನಿಲ್ಲುವುದು ಕಷ್ಟ. ಏಕೆಂದರೆ ಒಂದು ಕಾರ್ಡು ಅನೇಕ ಕೈಗಳನ್ನು ದಾಟಿ ಬರುತ್ತದೆ. ಚಿಪ್ಪಿನ ರಚನೆ ಒಂದು ಸಂಸ್ಥೆಯಲ್ಲಿ. ಅದನ್ನು ಸಿಲಿಕಾನಿನ ಮೇಲೆ ಮೂಡಿಸುವುದು ಸಾಮಾನ್ಯವಾಗಿ ತೈವಾನಿನ ಟಿಎಸ್‌ಎಂಸಿ ಅಥವಾ ಕೊರಿಯದ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ. ಸ್ಮೃತಿ ಬರುವುದು ಇನ್ನೊಬ್ಬರಿಂದ. ಇವನ್ನೆಲ್ಲ ಹಲಗೆಗೆ ಜೋಡಿಸಿ ಫ್ಯಾನು ಕೂಡಿಸಿ ಮಾರುವವರು ಏಸುಸ್, ಎಂಎಸ್‌ಐ, ಗಿಗಾಬೈಟ್ ಮೊದಲಾದವರು. ಇವರೆಲ್ಲರಿಗೂ ಅವರವರ ಕೆಲಸಕ್ಕೆ ಬೇಕಾದಷ್ಟು ವಿವರವನ್ನು ಮುಂಚಿತವಾಗಿ ಕೊಡಲೇಬೇಕು. ಫ್ಯಾನು ಮಾಡುವವನಿಗೆ ಎಷ್ಟು ಶಾಖ ಬರುವುದೆಂದು ತಿಳಿಯದಿದ್ದರೆ ಅವನು ಏನನ್ನು ತಾನೇ ಮಾಡಿಯಾನು?

ಮನುಷ್ಯರ ಬಾಯಿಂದ ಮಾತ್ರವಲ್ಲ, ಕಾಗದಪತ್ರಗಳಿಂದಲೂ ಸುದ್ದಿ ಸೋರುತ್ತದೆ. ಕಾರ್ಡನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್ ಎಂಬ ತಂತ್ರಾಂಶದಲ್ಲಿ ಇನ್ನೂ ಬಿಡುಗಡೆಯಾಗದ ಚಿಪ್ಪುಗಳ ಗುರುತುಸಂಖ್ಯೆಗಳು ಇರುತ್ತವೆ. ಪರೀಕ್ಷಕನೊಬ್ಬನು ಅಜಾಗರೂಕತೆಯಿಂದ ವೇಗಪರೀಕ್ಷೆಯ ಫಲಿತಾಂಶವನ್ನು ಬಹಿರಂಗ ಪಟ್ಟಿಗೆ ಕಳುಹಿಸಿಬಿಡುವುದುಂಟು. ಈ ಕಥೆಯಲ್ಲಿ ನಮ್ಮ ನಾಡಿನ ಪಾತ್ರವೂ ಸ್ವಲ್ಪ ಇದೆ. ಎನ್‌ವಿಡಿಯಾಕ್ಕೆ ಬೆಂಗಳೂರಿನಲ್ಲಿಯೂ ಎಎಂಡಿಗೆ ಬೆಂಗಳೂರು, ಹೈದರಾಬಾದುಗಳಲ್ಲಿಯೂ ದೊಡ್ಡ ಕಚೇರಿಗಳಿವೆ. ಪರೀಕ್ಷೆಗಾಗಿ ಹೊಸ ಹಲಗೆಗಳು ಅಲ್ಲಿಗೆ ವಿಮಾನದಲ್ಲಿ ಬರುತ್ತವೆ. ಬಂದ ವಸ್ತುವಿನ ವರ್ಣನೆ, ಸಂಖ್ಯೆ ಮತ್ತು ರೂಪಾಯಿಯಲ್ಲಿ ಮೌಲ್ಯ ಇವು ಸುಂಕದ ದಾಖಲೆಯಲ್ಲಿ ಸೇರಬೇಕು. 2014ರಿಂದ ಕೆಲವು ವರ್ಷ ಈ ಭಾರತೀಯ ಆಮದು ದಾಖಲೆಗಳನ್ನು ಸೋಸಿ ನೋಡಿ, ಮುಂದಿನ ಚಿಪ್ಪಿನ ಸಂಕೇತನಾಮಗಳನ್ನು ಹೆಕ್ಕಿ ತೆಗೆಯುವುದು ವದಂತಿಕಾರರಿಗೆ ಒಂದು ವಿದ್ಯೆಯೇ ಆಗಿತ್ತು.

ಇಲ್ಲಿ ಸಾಕ್ಷ್ಯವನ್ನೂ ಅದರ ಅರ್ಥವನ್ನೂ ಬೇರೆ ಬೇರೆಯಾಗಿ ನೋಡಬೇಕು. ಹಲಗೆಯೊಂದು ಬೆಂಗಳೂರಿಗೆ ಬಂದುದು ನಿಜ. ಆದರೆ ದಾಖಲೆಯಲ್ಲಿ ಬರೆದ ಮೌಲ್ಯವನ್ನು ನೋಡಿ ಅಂಗಡಿಯ ಬೆಲೆಯನ್ನು ಊಹಿಸಿದರೆ ಅದು ತಪ್ಪು. ಅದು ಸುಂಕಕ್ಕಾಗಿ ಘೋಷಿಸಿದ, ಪರೀಕ್ಷೆಯ ಮಾದರಿಯ ಮೌಲ್ಯ. ಮಾರಾಟದ ಬೆಲೆ ಆಗ ಗೊತ್ತಾಗಿರುವುದೇ ಇಲ್ಲ.

ನಿರೀಕ್ಷೆ ಮತ್ತು ಮಾಪನ

ಈಗ ಕೆಲವು ನಿದರ್ಶನಗಳನ್ನು ನೋಡೋಣ. 1998ರಲ್ಲಿ 3ಡಿಎಫ್‌ಎಕ್ಸ್ ಎಂಬ ಸಂಸ್ಥೆಯ ವೂಡೂ2 ಕಾರ್ಡು ಆಟಗಾರರ ಕಣ್ಮಣಿಯಾಗಿತ್ತು. ಎರಡು ಕಾರ್ಡುಗಳನ್ನು ಜೋಡಿಸಿ ಒಂದೇ ಚಿತ್ರವನ್ನು ಬರೆಯಿಸುವ ಸೌಕರ್ಯವೂ ಅದರಲ್ಲಿತ್ತು. ಆಗ ಎನ್‌ವಿಡಿಯಾ ಸಂಸ್ಥೆಯಿಂದ ರೀವಾ ಟಿಎನ್‌ಟಿ ಎಂಬ ಚಿಪ್ಪು ಬರಲಿದೆಯೆಂದೂ, ಅದು 125 ಮೆಗಾಹರ್ಟ್ಸ್ ವೇಗದಲ್ಲಿ ಒಂದೊಂದು ಬಡಿತಕ್ಕೆ ಎರಡೆರಡು ಪಿಕ್ಸೆಲುಗಳಂತೆ ಸೆಕೆಂಡಿಗೆ 25 ಕೋಟಿ ಪಿಕ್ಸೆಲುಗಳನ್ನು ಬರೆಯುವುದೆಂದೂ ಪ್ರಚಾರವಾಯಿತು. ಜೋಡಿ ವೂಡೂ2 ಕಾರ್ಡುಗಳಿಗೆ ಆಗುತ್ತಿದ್ದುದು 18 ಕೋಟಿ. ಒಂದೇ ಚಿಪ್ಪು ಎರಡನ್ನು ಮೀರಿಸುವುದೆಂಬ ಮಾತು ಎಲ್ಲೆಲ್ಲೂ ಹರಡಿತು. ಚಿಪ್ಪು ಹೊರಬಂದಾಗ ಅದರ ವೇಗ 90 ಮೆಗಾಹರ್ಟ್ಸ್ ಮಾತ್ರವಾಗಿತ್ತು. 90ನ್ನು ಎರಡರಿಂದ ಗುಣಿಸಿದರೆ 180. ಎಂದರೆ ಅದೇ 18 ಕೋಟಿ. ಮೊದಲು ಯೋಜಿಸಿದ್ದ ಸೂಕ್ಷ್ಮತರವಾದ 0.25 ಮೈಕ್ರಾನ್ ತಯಾರಿಕೆಗೆ ಬದಲಾಗಿ 0.35 ಮೈಕ್ರಾನಿನ ತಯಾರಿಕೆಯನ್ನೇ ಬಳಸಬೇಕಾಗಿ ಬಂದುದು ಇದಕ್ಕೆ ಕಾರಣ. ಚಿಪ್ಪು ಕೆಟ್ಟದಾಗಿರಲಿಲ್ಲ, ನಿರೀಕ್ಷೆ ಕೆಟ್ಟದಾಗಿತ್ತು.

ಗೆದ್ದ ಸಂಸ್ಥೆಯನ್ನೇ ಮುಂದಿನ ಕಾರ್ಡಿನ ಮಾತು ಮುಳುಗಿಸಿದ ಉದಾಹರಣೆಯೂ ಇದೆ. ಅದೇ 3ಡಿಎಫ್‌ಎಕ್ಸ್ ಸಂಸ್ಥೆಯಿಂದ ರ‍್ಯಾಂಪೇಜ್ ಎಂಬ ಅದ್ಭುತ ಚಿಪ್ಪು ಬರಲಿದೆಯೆಂದು ಜನ ವರ್ಷಗಟ್ಟಲೆ ಕಾದರು. ಅದು ಮಾದರಿಯ ಹಂತವನ್ನು ದಾಟಲೇ ಇಲ್ಲ. 1999ರಲ್ಲಿ ಪ್ರಕಟವಾದ, ನಾಲ್ಕು ಚಿಪ್ಪುಗಳ ವೂಡೂ5 6000 ಎಂಬ ಕಾರ್ಡು ಎಷ್ಟು ವಿದ್ಯುತ್ತನ್ನು ಬಯಸುತ್ತಿತ್ತೆಂದರೆ ಅದಕ್ಕೆ ಕಂಪ್ಯೂಟರಿನ ಹೊರಗೆ ಪ್ರತ್ಯೇಕ ವಿದ್ಯುತ್ ಪೆಟ್ಟಿಗೆಯನ್ನು ಯೋಜಿಸಿದ್ದರು. ಅದೂ ಅಂಗಡಿಗೆ ಬರಲಿಲ್ಲ. ಇತ್ತ ಎನ್‌ವಿಡಿಯಾ 1999ರಲ್ಲಿ ಜೀಫೋರ್ಸ್ 256, 2000ದಲ್ಲಿ ಜೀಫೋರ್ಸ್ 2 ಎಂದು ಒಂದರ ಹಿಂದೆ ಒಂದನ್ನು ಮಾರುತ್ತ ಹೋಯಿತು. 2000ದ ಡಿಸೆಂಬರಿನಲ್ಲಿ 3ಡಿಎಫ್‌ಎಕ್ಸ್ ತನ್ನ ಮುಖ್ಯ ಆಸ್ತಿಗಳನ್ನು ಎದುರಾಳಿಯಾದ ಎನ್‌ವಿಡಿಯಾಕ್ಕೇ ಮಾರಲು ಒಪ್ಪಿಕೊಂಡಿತು. ಬರಲಿರುವ ಕಾರ್ಡು ಎಷ್ಟೇ ಬಲಶಾಲಿಯಾಗಿರಲಿ, ಬಂದಿರುವ ಕಾರ್ಡಿನೊಡನೆ ಅದು ಸೆಣಸಲಾರದು.

ಗೆದ್ದವರಿಗೂ ಇದೇ ಪಾಠವನ್ನು ಕಲಿಯುವ ಸರದಿ ಬೇಗನೆ ಬಂದಿತು. 2002ರ ಆಗಸ್ಟಿನಲ್ಲಿ ಕೆನಡಾ ದೇಶದ ಎಟಿಐ ಸಂಸ್ಥೆಯು ರೇಡಿಯಾನ್ 9700 ಪ್ರೊ ಎಂಬ ಕಾರ್ಡನ್ನು ಹೊರತಂದಿತು. ಎನ್‌ವಿಡಿಯಾದ ಉತ್ತರ ಬರಲಿದೆ, ಅದರ ವೇಗ 500 ಮೆಗಾಹರ್ಟ್ಸ್, ಎಟಿಐ ಕಾರ್ಡಿನ ವೇಗ ಕೇವಲ 325 ಮೆಗಾಹರ್ಟ್ಸ್, ಎಂದು ಅಭಿಮಾನಿಗಳು ಹೆಮ್ಮೆಯಿಂದ ಕಾದರು. ಆ ಉತ್ತರವಾದ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ನವೆಂಬರಿನಲ್ಲಿ ಪ್ರಕಟವಾಗಿ 2003ರಲ್ಲಿ ಕೈಗೆ ಬಂದಿತು. 500 ಎಂಬ ಸಂಖ್ಯೆ ನಿಜವೇ ಆಗಿತ್ತು. ಆದರೆ ಚಿಪ್ಪಿಗೂ ಸ್ಮೃತಿಗೂ ನಡುವಣ ದಾರಿಯ ಅಗಲವನ್ನು ಯಾರೂ ಲೆಕ್ಕಿಸಿರಲಿಲ್ಲ. ಎಟಿಐ ಕಾರ್ಡಿನಲ್ಲಿ ಆ ದಾರಿ 256 ಬಿಟ್, ಎಂದರೆ ಒಮ್ಮೆಗೆ 32 ಬೈಟ್. ಸೆಕೆಂಡಿಗೆ 62 ಕೋಟಿ ಬಾರಿ ಸಾಗಿಸಿದರೆ ಸುಮಾರು 19.8 ಗಿಗಾಬೈಟ್. ಎನ್‌ವಿಡಿಯಾ ಕಾರ್ಡಿನಲ್ಲಿ 128 ಬಿಟ್, ಎಂದರೆ 16 ಬೈಟ್. ಸೆಕೆಂಡಿಗೆ 100 ಕೋಟಿ ಬಾರಿ ಸಾಗಿಸಿದರೂ 16 ಗಿಗಾಬೈಟ್ ಮಾತ್ರ. ಎತ್ತು ಎಷ್ಟೇ ಚುರುಕಾಗಿ ಓಡಿದರೂ ಬಂಡಿ ಚಿಕ್ಕದಾದರೆ ಕಣಕ್ಕೆ ಬರುವ ಹುಲ್ಲು ಕಡಮೆಯೇ. ಮೇಲಾಗಿ ಆ ಕಾರ್ಡಿನ ಫ್ಯಾನಿನ ಶಬ್ದವು ಕಸ ಹೀರುವ ಯಂತ್ರದ ಶಬ್ದವನ್ನು ಹೋಲುತ್ತಿತ್ತೆಂದು ಜನ ನಕ್ಕರು. ಎನ್‌ವಿಡಿಯಾದವರೇ ಅದನ್ನು ಹಾಸ್ಯ ಮಾಡಿ ಒಂದು ಚಿತ್ರವನ್ನು ತೆಗೆದರು.

ವದಂತಿಯೇ ಆಯುಧವಾದಾಗ

ಗುಟ್ಟನ್ನು ಚೆನ್ನಾಗಿ ಕಾಪಾಡಿದವರಿಗೆ ದೊರೆತ ಲಾಭಕ್ಕೆ 2008ನೆಯ ವರ್ಷ ಉತ್ತಮ ನಿದರ್ಶನ. ಆ ವೇಳೆಗೆ ಎಟಿಐ ಸಂಸ್ಥೆಯನ್ನು ಎಎಂಡಿ ಕೊಂಡು ಎರಡು ವರ್ಷವಾಗಿತ್ತು. ಅದರ ಮುಂದಿನ ಚಿಪ್ಪಿನಲ್ಲಿ 480 ಗಣನಾಂಗಗಳಿರುವುವೆಂದು ವದಂತಿ ಬಲವಾಗಿತ್ತು. ಹಿಂದಿನ ಚಿಪ್ಪಿನಲ್ಲಿ 320 ಇದ್ದುದರಿಂದ ಅದರ ಒಂದೂವರೆಯಷ್ಟು ಎಂಬ ಊಹೆ ನಂಬುವಂತೆಯೂ ಇತ್ತು. ಎನ್‌ವಿಡಿಯಾ ಜೂನ್ ತಿಂಗಳಿನಲ್ಲಿ ಜಿಟಿಎಕ್ಸ್ 280 ಎಂಬ ಕಾರ್ಡಿಗೆ 649 ಡಾಲರು, ಜಿಟಿಎಕ್ಸ್ 260ಕ್ಕೆ 399 ಡಾಲರು ಬೆಲೆಯಿಟ್ಟಿತು. ಕೆಲವೇ ದಿನಗಳಲ್ಲಿ ಹೊರಬಂದ ಎಎಂಡಿಯ ರೇಡಿಯಾನ್ ಎಚ್‌ಡಿ 4870 ಕಾರ್ಡಿನಲ್ಲಿದ್ದುದು 480 ಅಲ್ಲ, 800 ಗಣನಾಂಗಗಳು. ಬೆಲೆ 299 ಡಾಲರು. ಎನ್‌ವಿಡಿಯಾ ಕೆಲವು ವಾರಗಳಲ್ಲೇ ತನ್ನ ಬೆಲೆಗಳನ್ನು 499 ಮತ್ತು 299 ಡಾಲರುಗಳಿಗೆ ಇಳಿಸಬೇಕಾಯಿತು.

ಎಎಂಡಿ ಅಷ್ಟು ಅಗ್ಗವಾಗಿ ಮಾರಿದುದು ಹೇಗೆ? ಉತ್ತರವು ಚಿಪ್ಪಿನ ವಿಸ್ತೀರ್ಣದಲ್ಲಿದೆ. ಎನ್‌ವಿಡಿಯಾ ಚಿಪ್ಪಿನ ವಿಸ್ತೀರ್ಣ ಸುಮಾರು 576 ಚದರ ಮಿಲಿಮೀಟರು. ಎಎಂಡಿಯದು ಸುಮಾರು 260. ಚಿಪ್ಪುಗಳನ್ನು 300 ಮಿಲಿಮೀಟರು ವ್ಯಾಸದ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸುತ್ತಾರೆ. ಬಿಲ್ಲೆಯ ವಿಸ್ತೀರ್ಣ ಸುಮಾರು 70,686 ಚದರ ಮಿಲಿಮೀಟರು. ಅಂಚಿನ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ ದೊಡ್ಡ ಚಿಪ್ಪು 122, ಚಿಕ್ಕ ಚಿಪ್ಪು 271 ದೊರೆಯುತ್ತವೆ. ಇಷ್ಟೇ ಅಲ್ಲ, ಬಿಲ್ಲೆಯ ಮೇಲೆ ಅಲ್ಲಲ್ಲಿ ದೋಷಗಳಿರುತ್ತವೆ. ಒಂದು ದೋಷವು ದೊಡ್ಡ ಚಿಪ್ಪಿನ ಮೇಲೆ ಬಿದ್ದರೆ ಹಾಳಾಗುವ ಸಿಲಿಕಾನ್ ಹೆಚ್ಚು. ರೊಟ್ಟಿ ದೊಡ್ಡದಾದಷ್ಟೂ ಒಂದು ಕಲ್ಲಿನ ಹರಳಿನಿಂದ ಕೆಡುವ ಹಿಟ್ಟು ಹೆಚ್ಚಾಗುವಂತೆ ಇದು.

ಹನ್ನೊಂದು ವರ್ಷಗಳ ಅನಂತರ ಎಎಂಡಿ ಇನ್ನೊಂದು ಆಟವನ್ನು ಆಡಿತು. 2019ರ ಜೂನ್ ತಿಂಗಳಲ್ಲಿ ಅದು ತನ್ನ ರೇಡಿಯಾನ್ ಆರ್‌ಎಕ್ಸ್ 5700 ಎಕ್ಸ್‌ಟಿ ಕಾರ್ಡಿಗೆ 449 ಡಾಲರು, ಆರ್‌ಎಕ್ಸ್ 5700 ಕಾರ್ಡಿಗೆ 379 ಡಾಲರು ಎಂದು ಪ್ರಕಟಿಸಿತು. ಮಾರಾಟ ಜುಲೈ 7ರಂದು ಪ್ರಾರಂಭವಾಗಬೇಕಾಗಿತ್ತು. ಜುಲೈ 2ರಂದು ಎನ್‌ವಿಡಿಯಾ ತನ್ನ ಸೂಪರ್ ಎಂಬ ಕಾರ್ಡುಗಳನ್ನು 399 ಮತ್ತು 499 ಡಾಲರುಗಳಿಗೆ ಪ್ರಕಟಿಸಿ ದಾರಿಗಡ್ಡ ನಿಂತಿತು. ಜುಲೈ 5ರಂದು, ಒಂದು ಕಾರ್ಡೂ ಮಾರಾಟವಾಗುವ ಮೊದಲೇ, ಎಎಂಡಿ ತನ್ನ ಬೆಲೆಗಳನ್ನು 399 ಮತ್ತು 349 ಡಾಲರುಗಳಿಗೆ ಇಳಿಸಿಬಿಟ್ಟಿತು. ಮೊದಲಿನ ಬೆಲೆ ಎದುರಾಳಿಯ ಕೈ ಬಿಚ್ಚಿಸುವುದಕ್ಕೆ ಹೂಡಿದ ಉಪಾಯವೆಂದು ಆ ಸಂಸ್ಥೆಯವರು ಅನಂತರ ಸೂಚಿಸಿದರು. ಪ್ರಕಟವಾದ ಬೆಲೆಯೇ ಹೀಗೆ ಚದುರಂಗದ ಕಾಯಿಯಾಗುವಾಗ, ಪ್ರಕಟವಾಗದ ಬೆಲೆಯ ವದಂತಿಯನ್ನು ನಂಬುವವರ ಗತಿಯನ್ನು ಹೇಳಬೇಕಾಗಿಲ್ಲ.

ಎರಡು ಸಂಖ್ಯೆ, ಎರಡೂ ನಿಜ

ವದಂತಿಯು ಸುಳ್ಳೂ ಅಲ್ಲದೆ ಪೂರ್ಣ ನಿಜವೂ ಅಲ್ಲದೆ ಇರುವ ಸಂದರ್ಭಗಳೇ ಹೆಚ್ಚು ಬೋಧಪ್ರದವಾದುವು. 2020ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 3090 ಕಾರ್ಡಿನಲ್ಲಿ 5248 ಗಣನಾಂಗಗಳೂ, 3080ರಲ್ಲಿ 4352 ಗಣನಾಂಗಗಳೂ ಇರುವುವೆಂದು ಬಹು ತಿಂಗಳು ಸುದ್ದಿಯಿತ್ತು. ಸೆಪ್ಟೆಂಬರ್ 1ರಂದು ಸಂಸ್ಥೆ ಪ್ರಕಟಿಸಿದ ಸಂಖ್ಯೆಗಳು 10,496 ಮತ್ತು 8704. ಸರಿಯಾಗಿ ಎರಡರಷ್ಟು! ವದಂತಿ ಹುಸಿಯಾಯಿತೆಂದು ಎಲ್ಲರೂ ಬೆರಗಾದರು.

ವಾಸ್ತವವಾಗಿ ವದಂತಿಯಲ್ಲಿ ತಪ್ಪಿರಲಿಲ್ಲ. ಚಿಪ್ಪಿನೊಳಗೆ ಗಣನಾಂಗಗಳು ಗುಂಪುಗುಂಪಾಗಿರುತ್ತವೆ. 3090ರಲ್ಲಿ 82 ಗುಂಪುಗಳು. 2018ರ ಹಿಂದಿನ ಪೀಳಿಗೆಯಲ್ಲಿ ಒಂದೊಂದು ಗುಂಪಿಗೆ ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆ 64 ಅಂಗಗಳೂ, ಪೂರ್ಣಾಂಕಗಳ ಲೆಕ್ಕಕ್ಕೆ ಪ್ರತ್ಯೇಕವಾಗಿ 64 ಅಂಗಗಳೂ ಇದ್ದವು. ಎಣಿಕೆಗೆ ಬರುತ್ತಿದ್ದುದು ಮೊದಲನೆಯವು ಮಾತ್ರ. 82ನ್ನು 64ರಿಂದ ಗುಣಿಸಿದರೆ 5248. ಹೊಸ ಪೀಳಿಗೆಯಲ್ಲಿ ಪೂರ್ಣಾಂಕದ ಅಂಗಗಳಿಗೂ ದಶಮಾಂಶದ ಲೆಕ್ಕವನ್ನು ಕಲಿಸಿದರು. ಆದುದರಿಂದ ಗುಂಪಿಗೆ 128 ಎಂದು ಎಣಿಸಿದರು. 82ನ್ನು 128ರಿಂದ ಗುಣಿಸಿದರೆ 10,496. ಗುಂಪುಗಳ ಸಂಖ್ಯೆ ಸರಿಯಾಗಿಯೇ ಸೋರಿತ್ತು. ಎಣಿಸುವ ಕ್ರಮ ಸೋರಿರಲಿಲ್ಲ.

ಹಾಗಾದರೆ ವೇಗವೂ ಎರಡರಷ್ಟಾಯಿತೇ? ಇಲ್ಲ. ಎನ್‌ವಿಡಿಯಾ ಸಂಸ್ಥೆಯೇ 2018ರಲ್ಲಿ ತಿಳಿಸಿದ್ದಂತೆ ಆಟಗಳಲ್ಲಿ ಪ್ರತಿ 100 ದಶಮಾಂಶದ ಲೆಕ್ಕಗಳಿಗೆ ಸರಾಸರಿ 36 ಪೂರ್ಣಾಂಕದ ಲೆಕ್ಕಗಳು ಬರುತ್ತವೆ. 128 ಅಂಗಗಳನ್ನು 100ಕ್ಕೆ 36ರ ಪ್ರಮಾಣದಲ್ಲಿ ಹಂಚಿದರೆ ದಶಮಾಂಶಕ್ಕೆ ಸುಮಾರು 94, ಪೂರ್ಣಾಂಕಕ್ಕೆ ಸುಮಾರು 34 ಸಲ್ಲುತ್ತವೆ. ಹಿಂದೆ 64 ಇದ್ದುದು ಈಗ 94 ಆದರೆ ಲಾಭವು ನೂರಕ್ಕೆ 47ರಷ್ಟು, ನೂರಕ್ಕೆ ನೂರಲ್ಲ. ಸ್ಮೃತಿಯ ವೇಗ ಮೊದಲಾದ ಮಿತಿಗಳಿಂದ ಅದೂ ಪೂರ್ಣವಾಗಿ ಕೈಗೆ ಹತ್ತದು. ಪ್ರೌಢಶಾಲೆಯ ಅಂಕಗಣಿತವೊಂದೇ ಎಷ್ಟು ದೂರ ಕರೆದೊಯ್ಯುವುದೆಂಬುದನ್ನು ವಾಚಕರು ಗಮನಿಸಬೇಕು.

ಶಾಖದ ಲೆಕ್ಕ

ಕಾರ್ಡಿನ ವೇಗವೂ ವಿದ್ಯುತ್ ವ್ಯಯವೂ ಕಡೆಯ ತಿಂಗಳವರೆಗೆ ಸ್ಥಿರವಾಗದಿರುವುದಕ್ಕೆ ಭೌತಶಾಸ್ತ್ರದ ಕಾರಣವೊಂದಿದೆ. ಚಿಪ್ಪಿನೊಳಗಿನ ಸ್ವಿಚ್ಚುಗಳು ಬಡಿಯುವಾಗ ವ್ಯಯವಾಗುವ ವಿದ್ಯುತ್ತು ಬಡಿತದ ವೇಗಕ್ಕೆ ನೇರ ಅನುಪಾತದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ನೇರ ಅನುಪಾತದಲ್ಲಿಯೂ ಇರುತ್ತದೆ. ವೇಗವನ್ನು ನೂರಕ್ಕೆ 10ರಷ್ಟು ಏರಿಸಲು ವೋಲ್ಟೇಜನ್ನೂ ಅಷ್ಟೇ ಏರಿಸಬೇಕಾಯಿತೆಂದುಕೊಳ್ಳಿ. 1.1ನ್ನು ಮೂರು ಬಾರಿ ಗುಣಿಸಿದರೆ 1.331, ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ಹೆಚ್ಚು ಶಾಖ! ಎದುರಾಳಿ ಬಲಿಷ್ಠನೆಂದು ತಿಳಿದರೆ ಸಂಸ್ಥೆಯು ಶಾಖವನ್ನು ಸಹಿಸಿ ವೇಗವನ್ನು ಏರಿಸಬಹುದು. ದುರ್ಬಲನೆಂದು ತಿಳಿದರೆ ಇಳಿಸಬಹುದು. ಆ ನಿರ್ಧಾರವಾಗುವವರೆಗೆ ಕಾರ್ಡಿನ ವ್ಯಯವೆಷ್ಟೆಂದು ಸಂಸ್ಥೆಯವರೇ ನಿಶ್ಚಯವಾಗಿ ಹೇಳಲಾರರು.

2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡು 600 ವ್ಯಾಟ್ ವಿದ್ಯುತ್ತನ್ನು ಬಳಸುವುದೆಂಬ ಸುದ್ದಿ ಹಬ್ಬಿ, ಅನೇಕರು ಮನೆಯ ವಿದ್ಯುತ್ ಬಿಲ್ಲನ್ನು ನೆನೆದು ಹೆದರಿದರು. ಬಂದ ಕಾರ್ಡಿನ ಅಧಿಕೃತ ಮಿತಿ 450 ವ್ಯಾಟ್. 600 ಎಂಬುದು ಪೂರ್ಣ ಕಟ್ಟುಕಥೆಯಲ್ಲ. ಕಾರ್ಡಿಗೆ ವಿದ್ಯುತ್ ಕೊಡುವ ಹೊಸ ಜೋಡಣೆಯು 600 ವ್ಯಾಟಿನವರೆಗೆ ಸಾಗಿಸಬಲ್ಲುದಾಗಿತ್ತು. ಸೇತುವೆ ಎಷ್ಟು ಭಾರ ಹೊರಬಲ್ಲುದೆಂಬುದು ಬೇರೆ, ಅದರ ಮೇಲೆ ಹೋಗುವ ಬಂಡಿಯ ಭಾರ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದುದೇ ತಪ್ಪಾಯಿತು.

ಅಧಿಕೃತ ಮಾತಿಗೂ ಪರೀಕ್ಷೆ ಬೇಕು

ವದಂತಿಯನ್ನು ಬಿಟ್ಟು ಸಂಸ್ಥೆಯ ಪ್ರಕಟಣೆಯನ್ನು ನಂಬಿದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. 2022ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ 4080 ಎಂಬ ಒಂದೇ ಹೆಸರಿನಲ್ಲಿ 12 ಗಿಗಾಬೈಟ್ ಮತ್ತು 16 ಗಿಗಾಬೈಟ್ ಸ್ಮೃತಿಯ ಎರಡು ಕಾರ್ಡುಗಳನ್ನು ಪ್ರಕಟಿಸಿತು. ಸ್ಮೃತಿ ಮಾತ್ರವಲ್ಲ, ಚಿಪ್ಪೇ ಬೇರೆಯಾಗಿತ್ತು. ಒಂದರಲ್ಲಿ 7680 ಗಣನಾಂಗಗಳು, ಇನ್ನೊಂದರಲ್ಲಿ 9728. ಟೀಕೆ ಬಲವಾದ ಮೇಲೆ ಅಕ್ಟೋಬರ್ 14ರಂದು ಸಂಸ್ಥೆಯು 12 ಗಿಗಾಬೈಟಿನ 899 ಡಾಲರಿನ ಕಾರ್ಡನ್ನು ಹಿಂತೆಗೆದುಕೊಂಡಿತು. 2023ರ ಜನವರಿಯಲ್ಲಿ ಅದೇ ಚಿಪ್ಪು 4070 ಟಿಐ ಎಂಬ ಹೆಸರಿನಲ್ಲಿ 799 ಡಾಲರಿಗೆ ಬಂದಿತು. ಸಂಖ್ಯೆಗಳನ್ನು ಓದಿ ಪ್ರಶ್ನಿಸಿದ ಜನರಿಂದಲೇ ಈ ಬದಲಾವಣೆಯಾಯಿತೆಂಬುದು ಸಮಾಧಾನದ ಸಂಗತಿ.

2025ರ ಜನವರಿಯಲ್ಲಿ ಅದೇ ಸಂಸ್ಥೆಯ ಅಧ್ಯಕ್ಷ ಜೆನ್‌ಸನ್ ಹುವಾಂಗ್ ಅವರು 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡು ಹಿಂದಿನ 4090ರಷ್ಟು ಸಾಮರ್ಥ್ಯವನ್ನು ಕೊಡುವುದೆಂದು ಸಾರಿದರು. ಇದರ ಆಧಾರವೇನೆಂದರೆ, ಹೊಸ ಕಾರ್ಡು ತಾನು ಬರೆದ ಒಂದು ಚಿತ್ರದ ಜೊತೆಗೆ ಕೃತಕ ಬುದ್ಧಿಮತ್ತೆಯಿಂದ ಮೂರು ಚಿತ್ರಗಳವರೆಗೆ ಊಹಿಸಿ ಸೇರಿಸಬಲ್ಲುದು ಎಂಬುದು. ಊಹಿಸಿದ ಚಿತ್ರಗಳನ್ನು ಬಿಟ್ಟು ಲೆಕ್ಕಕ್ಕೆ ಲೆಕ್ಕವನ್ನೇ ಹೋಲಿಸಿದಾಗ 5070 ಬಹಳ ಹಿಂದೆ ಉಳಿಯಿತು. ಈ ನಡುವೆ ಎಎಂಡಿ ತನ್ನ ಹೊಸ ಕಾರ್ಡಿನ ಬೆಲೆಯನ್ನು ಹೇಳದೆ ಎರಡು ತಿಂಗಳು ಮೌನವಾಗಿದ್ದು, ಮಾರ್ಚಿನಲ್ಲಿ ಆರ್‌ಎಕ್ಸ್ 9070 ಎಕ್ಸ್‌ಟಿಯನ್ನು 599 ಡಾಲರು ಎಂಬ ಪ್ರಕಟಿತ ಬೆಲೆಗೆ ಹೊರತಂದಿತು. ಆ ಎರಡು ತಿಂಗಳ ಮೌನವನ್ನು ತುಂಬಿದುದು ವದಂತಿಯೇ.

ಕಾಯುವುದೇ, ಕೊಳ್ಳುವುದೇ?

ಇಷ್ಟು ನಿದರ್ಶನಗಳಿಂದ ಕೆಲವು ನಿಯಮಗಳನ್ನು ತೆಗೆಯಬಹುದು. ಮೊದಲನೆಯದಾಗಿ, ಸಿಲಿಕಾನಿನಲ್ಲಿ ಬಹು ಮೊದಲೇ ಕೆತ್ತಿಹೋಗುವ ವಿವರಗಳನ್ನು ಕುರಿತ ವದಂತಿಗೆ ಬೆಲೆ ಹೆಚ್ಚು. ಗುಂಪುಗಳ ಸಂಖ್ಯೆ, ಸ್ಮೃತಿಯ ದಾರಿಯ ಅಗಲ ಇವು ಈ ಜಾತಿಗೆ ಸೇರುತ್ತವೆ. ಕಡೆಯ ಗಳಿಗೆಯಲ್ಲಿ ಬದಲಾಗಬಹುದಾದ ಬಡಿತದ ವೇಗ, ವಿದ್ಯುತ್ ಮಿತಿ ಇವುಗಳ ವದಂತಿಗೆ ಬೆಲೆ ಕಡಮೆ. ಮಾರಾಟದ ಬೆಲೆಯ ವದಂತಿಗೆ ಎಲ್ಲಕ್ಕಿಂತ ಕಡಮೆ. ಎರಡನೆಯದಾಗಿ, ಹತ್ತು ಕಡೆ ಕೇಳಿದ ಮಾತ್ರಕ್ಕೆ ಹತ್ತು ಸಾಕ್ಷಿಗಳಾಗುವುದಿಲ್ಲ. ಹತ್ತು ಮಂದಿಯೂ ಒಬ್ಬನಿಂದಲೇ ಕೇಳಿರಬಹುದು. ಮೂರನೆಯದಾಗಿ, ಒಂದೇ ಸಂಖ್ಯೆಯಿಂದ ಕಾರ್ಡನ್ನು ಅಳೆಯಬಾರದು. 500 ಮೆಗಾಹರ್ಟ್ಸ್ ಕಾರ್ಡು 325ರ ಕಾರ್ಡಿಗೆ ಸೋತುದನ್ನು ಕಂಡಿದ್ದೇವೆ. ನಾಲ್ಕನೆಯದಾಗಿ, ಈ ಸುದ್ದಿಯಿಂದ ಯಾರಿಗೆ ಲಾಭವೆಂದು ಕೇಳಬೇಕು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಇಂದು ಮಾರುಕಟ್ಟೆಯಲ್ಲಿರುವ, ಸ್ವತಂತ್ರ ಪರೀಕ್ಷಕರು ಅಳೆದು ನೋಡಿರುವ ಕಾರ್ಡು ಅವನ ಕೆಲಸಕ್ಕೆ ಸಾಕಾಗುವಂತಿದ್ದು, ಅವನ ಹಣಕ್ಕೆ ನಿಲುಕುವಂತಿದ್ದರೆ, ಅದನ್ನು ಕೊಂಡು ಅಭ್ಯಾಸವನ್ನು ಪ್ರಾರಂಭಿಸುವುದು ಮೇಲು. ಆರು ತಿಂಗಳಿನಲ್ಲಿ ಕಾರ್ಡು ಸ್ವಲ್ಪ ಹಳೆಯದಾಗುತ್ತದೆ. ಆದರೆ ಆರು ತಿಂಗಳಿನಲ್ಲಿ ಕಲಿತ ವಿದ್ಯೆ ಹಳೆಯದಾಗುವುದಿಲ್ಲ. ಹೊಸ ಕಾರ್ಡಿನ ಬಿಡುಗಡೆಯ ದಿನಾಂಕವೇ ಪ್ರಕಟವಾಗಿದ್ದರೆ ಮಾತ್ರ ಕೆಲವು ವಾರ ಕಾದು, ಬಂದ ಮೇಲೆ ಪರೀಕ್ಷೆಯ ಫಲಿತಾಂಶವನ್ನು ಓದಿ ನಿರ್ಧರಿಸುವುದು ವಿವೇಕ. ಕೇವಲ ವದಂತಿಗಾಗಿ ಕಾಯುವವನು ಕಾಯುತ್ತಲೇ ಇರುವನು, ಏಕೆಂದರೆ ಒಂದು ಕಾರ್ಡು ಹುಟ್ಟಿದ ದಿನವೇ ಅದರ ತಮ್ಮನ ವದಂತಿಯೂ ಹುಟ್ಟುತ್ತದೆ.

ಈ ಲೇಖನವನ್ನು ಒಂದು ಗಾದೆಯಿಂದ ಪ್ರಾರಂಭಿಸಿದೆವು, ಇನ್ನೊಂದರಿಂದ ಮುಗಿಸೋಣ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಂಡುದಕ್ಕೇ ಪ್ರಮಾಣ ಬೇಕೆಂದ ಮೇಲೆ, ಇನ್ನೂ ಕಾಣದ ಕಾರ್ಡಿನ ವಿಷಯದಲ್ಲಿ ಪ್ರಮಾಣವನ್ನು ಕೇಳದೆ ಹಣವನ್ನು ತೆಗೆದಿಡುವುದಾಗಲಿ ತೆಗೆದುಕೊಡುವುದಾಗಲಿ ಸಲ್ಲದು.